ರಾಜಧಾನಿ ಯಾಕೆ ಬದಲಾಯಿತು? ಖಲೀಫರ ಪಾಠದ ಎರಡು ಅವಧಿಗಳು

ನನ್ನ ಬೋಧನಾ ವಿಷಯಗಳು ಭೌತಶಾಸ್ತ್ರ ಮತ್ತು ಗಣಿತ. ಅಭ್ಯಾಸ ಬೋಧನೆಗೆಂದು ರಾಮನಾಥಪುರದ ಕಡೆಯ ಒಂದು ಪ್ರೌಢಶಾಲೆಗೆ ಹೋಗಿದ್ದಾಗ ಇತಿಹಾಸದ ಪಾಠ ನನ್ನ ಪಾಲಿಗೆ ಬಂದದ್ದು ಆಕಸ್ಮಿಕವಾಗಿ. ಸಮಾಜ ವಿಜ್ಞಾನದ ಶಿಕ್ಷಕರು ತರಬೇತಿಗೆ ಹೋಗಿದ್ದರು, ಒಂಬತ್ತನೇ ತರಗತಿಯ ಅವಧಿಗಳು ಖಾಲಿ ಇದ್ದವು. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, "ಮಕ್ಕಳನ್ನು ಸುಮ್ಮನೆ ಕೂರಿಸಬೇಡಿ, ಇಸ್ಲಾಂ ಧರ್ಮದ ಪಾಠದಲ್ಲಿ ಖಲೀಫರ ಭಾಗ ಉಳಿದಿದೆ, ಎರಡು ಅವಧಿಯಲ್ಲಿ ಮುಗಿಸಿ" ಎಂದರು. ಎರಡು ಅವಧಿ ಎಂದರೆ ಎಂಬತ್ತು ನಿಮಿಷ. ಅಷ್ಟರಲ್ಲಿ ಮೊದಲ ನಲವತ್ತು ನಿಮಿಷವನ್ನು ನಾನು ಹಾಳು ಮಾಡಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಎರಡನೆಯ ಅವಧಿ ಹುಟ್ಟಿದ್ದು ಅದರಿಂದಲೇ.

ಮೊದಲ ಅವಧಿ

ಪಾಠಯೋಜನೆಯೇನೋ ಅಚ್ಚುಕಟ್ಟಾಗಿತ್ತು. 'ನಾಲ್ವರು ಖಲೀಫರನ್ನು ಹೆಸರಿಸುತ್ತಾರೆ', 'ಕಾಲಾನುಕ್ರಮದಲ್ಲಿ ಬರೆಯುತ್ತಾರೆ' ಎಂದು ಕಲಿಕಾ ಫಲಗಳನ್ನು ಬರೆದಿದ್ದೆ. ಹಲಗೆಯ ಮೇಲೆ ಹೀಗೆ ಬರೆದೆ:

ಅಬೂಬಕರ್ 632–634
ಉಮರ್ 634–644
ಉಸ್ಮಾನ್ 644–656
ಅಲಿ 656–661

ನಾಲ್ಕನ್ನೂ ಸೇರಿಸಿ ಪಕ್ಕದಲ್ಲಿ ಒಂದು ಆವರಣ ಎಳೆದು 'ರಾಜಧಾನಿ: ಮದೀನಾ' ಎಂದು ಬರೆದೆ. ಮಕ್ಕಳು ಬರೆದುಕೊಂಡರು. ಎರಡು ಸಲ ಹೇಳಿಸಿದೆ, ಹೇಳಿದರು. ಹಾಜರಿ ಕಡಿಮೆ ಇತ್ತು, ಹೊಗೆಸೊಪ್ಪು ಕೀಳುವ ದಿನಗಳಲ್ಲಿ ಈ ಕಡೆಯ ಶಾಲೆಗಳಲ್ಲಿ ಹೀಗೇ. ಬಂದಿದ್ದವರೂ ಗಣಿತದ ಸೂತ್ರ ಬಾಯಿಪಾಠ ಮಾಡುವಾಗ ಕಾಣುವ ಮುಖದಲ್ಲೇ ಕೂತಿದ್ದರು.

ಆಗ ನಾನು ಇನ್ನೊಂದು ಕೆಲಸ ಮಾಡಿದೆ. ತರಗತಿಗೆ ಸ್ವಲ್ಪ ಜೀವ ಬರಲಿ ಎಂದುಕೊಂಡು ಮೂರನೆಯ ಬೆಂಚಿನ ಒಬ್ಬ ಹುಡುಗನನ್ನು ಎಬ್ಬಿಸಿ, "ಖಲೀಫ ಅಂದ್ರೆ ಏನು, ನಿಂಗೆ ಗೊತ್ತಿರುತ್ತಲ್ಲ, ಹೇಳು" ಎಂದೆ. ಅವನು ಮುಸ್ಲಿಂ ಹುಡುಗ. ಆ ತರಗತಿಯಲ್ಲಿ ಅಂಥವರು ಇಬ್ಬರೇ. ಅವನು ಎದ್ದು ನಿಂತ, ಮೇಜಿನ ಅಂಚು ನೋಡುತ್ತ ನಿಂತೇ ಇದ್ದ. ಇಡೀ ತರಗತಿ ತಿರುಗಿ ಅವನನ್ನೇ ನೋಡಿತು. "ಗೊತ್ತಿಲ್ಲ ಮಿಸ್" ಎಂದ. ಹಿಂದಿನಿಂದ ಯಾರೋ ಕಿಸಕ್ಕೆಂದರು. "ಇರಲಿ, ಕೂತ್ಕೋ" ಎಂದು ನಾನೇ ಅರ್ಥ ಹೇಳಿದೆ: ಖಲೀಫ ಎಂದರೆ ಉತ್ತರಾಧಿಕಾರಿ, ಒಬ್ಬರ ನಂತರ ಅವರ ಸ್ಥಾನದಲ್ಲಿ ನಿಲ್ಲುವವರು.

ಪಾಠ ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಮೂರು ಸಾಲು ಬರೆದರು. ಒಂದು, ನಾಲ್ಕು ಹೆಸರು ಬಂತು, ಮಕ್ಕಳಿಂದ ಒಂದು ಪ್ರಶ್ನೆಯೂ ಬರಲಿಲ್ಲ. ಎರಡು, ಅಲಿ ಆಳಿದ್ದು ಎಲ್ಲಿಂದ? ಪರಿಶೀಲಿಸಿ. ಮೂರನೆಯದಕ್ಕೆ ಕೆಳಗೆ ಗೆರೆ ಎಳೆದಿದ್ದರು: ಆ ಹುಡುಗನನ್ನೇ ಏಕೆ ಕೇಳಿದಿರಿ?

ಮೂರನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಊಟದ ಬಿಡುವಿನಲ್ಲಿ ನಲ್ಲಿಯ ಹತ್ತಿರ ಅವನು ಸಿಕ್ಕಾಗ, "ಬೇಜಾರಾಯ್ತೇನೋ?" ಎಂದು ಕೇಳಿದೆ. "ಇಲ್ಲ ಮಿಸ್" ಎಂದ. ಆಮೇಲೆ ತಟ್ಟೆ ತೊಳೆಯುತ್ತಲೇ ಹೇಳಿದ: "ಈ ಪಾಠ ಬಂದ್ರೆ ಎಲ್ರೂ ನನ್ನೇ ನೋಡ್ತಾರೆ. ನಂಗೂ ಪುಸ್ತಕದಲ್ಲಿ ಇರೋದಷ್ಟೇ ಗೊತ್ತಿರೋದು." ಹೊಯ್ಸಳರ ಪಾಠ ಮಾಡುವಾಗ ಯಾವ ಮಗುವನ್ನೂ ಎಬ್ಬಿಸಿ 'ನಿನಗೆ ಗೊತ್ತಿರುತ್ತಲ್ಲ' ಎಂದು ನಾವು ಕೇಳುವುದಿಲ್ಲ. ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಸಾವಿರದ ನಾನೂರು ವರ್ಷದ ಹಿಂದಿನ ಅರೇಬಿಯಾಕ್ಕೆ ಸಾಕ್ಷಿ ಹೇಳುವ ಹೊಣೆ ಹೊರಿಸಿದ್ದೆ.

ತಯಾರಿ

ಅವತ್ತು ಸಂಜೆ ರಾಮೇಶ್ವರ ದೇವಸ್ಥಾನದ ಹತ್ತಿರ ಹೊಳೆ ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ಮೀನಿಗೆ ಪುರಿ ಹಾಕುವವರ ಗದ್ದಲದಲ್ಲಿ ಓದು ಅಷ್ಟಕ್ಕಷ್ಟೇ ಆಯಿತು. ಆದರೆ ಉಪನ್ಯಾಸಕರ ಎರಡನೆಯ ಸಾಲು ತಲೆಯಲ್ಲಿ ಕೂತಿತ್ತು. ಓದಿ ನೋಡಿದರೆ ಅಲಿಯವರು ಆಳಿದ್ದು ಬಹುಮಟ್ಟಿಗೆ ಕೂಫಾ ನಗರದಿಂದ. ಅವರ ನಂತರ ಮುಆವಿಯಾ ಆಳಿದ್ದು ಡಮಾಸ್ಕಸ್‌ನಿಂದ. ನೂರು ವರ್ಷ ಕಳೆಯುವಷ್ಟರಲ್ಲಿ ಬಾಗ್ದಾದ್. ನಾನು ಎಳೆದ ಆವರಣ ತಪ್ಪು. ತಪ್ಪನ್ನು ತಿದ್ದಲು ಹೊರಟಾಗಲೇ ಪಾಠದ ಪ್ರಶ್ನೆ ಸಿಕ್ಕಿದ್ದು: ರಾಜಧಾನಿ ಯಾಕೆ ಊರಿಂದ ಊರಿಗೆ ಹೋಯಿತು?

ಹಾಸನ ಜಿಲ್ಲೆಯ ಮಕ್ಕಳಿಗೆ ಈ ಪ್ರಶ್ನೆ ಹೊಸದಲ್ಲ, ನಾವು ಕೇಳಿಲ್ಲ ಅಷ್ಟೇ. ಹೊಯ್ಸಳರು ಮೊದಲು ಸೊಸೆವೂರಿನಲ್ಲಿದ್ದರು, ಅದು ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಆಮೇಲೆ ಬೇಲೂರು, ಆಮೇಲೆ ದೋರಸಮುದ್ರ ಎಂದರೆ ಹಳೇಬೀಡು. ಶಾಲೆಯ ಪ್ರವಾಸದಲ್ಲಿ ಕೊನೆಯ ಎರಡು ಊರನ್ನು ನೋಡದ ಮಗು ನಮ್ಮ ಕಡೆ ಅಪರೂಪ.

ಯೋಜನೆಯನ್ನು ಹೊಸದಾಗಿ ಬರೆದೆ. ಹಳೆಯದರಲ್ಲಿ ನಾಲ್ವರು ಖಲೀಫರ ಚಿತ್ರಗಳ ಚಾರ್ಟ್ ಮಾಡಬೇಕೆಂದಿತ್ತು, ಅದನ್ನು ಕೈಬಿಟ್ಟೆ. ಪ್ರಶಿಕ್ಷಣಾರ್ಥಿ ಮಿತ್ರರು ಇದನ್ನು ಗಮನಿಸಬೇಕು. ರಾಜರ ಪಾಠ ಎಂದರೆ ಮುಖಚಿತ್ರ ಅಂಟಿಸುವುದು ನಮಗೆ ಅಭ್ಯಾಸವಾಗಿದೆ. ಪ್ರವಾದಿಯವರ ಚಿತ್ರ ಬರೆಯುವುದನ್ನು ಮುಸ್ಲಿಮರು ಸಾಮಾನ್ಯವಾಗಿ ಒಪ್ಪುವುದಿಲ್ಲ, ಅವರ ಹತ್ತಿರದ ಸಂಗಾತಿಗಳಾಗಿದ್ದ ಮೊದಲ ಖಲೀಫರ ವಿಷಯದಲ್ಲೂ ಅದೇ ಸಂಕೋಚವಿದೆ. ಮೇಲಾಗಿ ಅಂತರ್ಜಾಲದಲ್ಲಿ ಸಿಗುವ ಚಿತ್ರಗಳೆಲ್ಲ ಯಾರದೋ ಕಲ್ಪನೆ. ಅದರ ಬದಲು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಒಂದು ನಕಾಶೆ ಬರೆದೆ: ಕೆಂಪು ಸಮುದ್ರ, ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳು, ಅರಬ್ಬಿ ಸಮುದ್ರ, ಈಚೆ ದಡದಲ್ಲಿ ನಮ್ಮ ಕರಾವಳಿ. ಊರುಗಳ ಹೆಸರು ಬರೆಯಲಿಲ್ಲ, ಚುಕ್ಕಿ ಮಾತ್ರ ಇಟ್ಟೆ.

ಎರಡನೆಯ ಅವಧಿ

"ನಿನ್ನೆ ನಾನು ಹಲಗೆ ಮೇಲೆ ಒಂದು ತಪ್ಪು ಬರೆದಿದ್ದೆ, ಇವತ್ತು ಅದನ್ನ ನೀವೇ ಹಿಡೀಬೇಕು" ಎಂದು ಶುರು ಮಾಡಿದೆ. ಮಿಸ್ ತಪ್ಪು ಮಾಡಿದ್ದಾರೆ ಎಂದರೆ ಮಕ್ಕಳಿಗೆ ಎಲ್ಲಿಲ್ಲದ ಆಸಕ್ತಿ.

ಮೊದಲ ಐದು ನಿಮಿಷ ಹೊಯ್ಸಳರು. ಅಂಗಡಿ ಮಲೆನಾಡಿನ ಕಾಡಿನ ನಡುವಿನ ಊರು. ಬೇಲೂರು ಯಗಚಿ ದಡದಲ್ಲಿದೆ. ಹಳೇಬೀಡು ಬಯಲ ಕಡೆಗೆ ತೆರೆದುಕೊಂಡ ಜಾಗ, ಪಕ್ಕದಲ್ಲಿ ದೊಡ್ಡ ಕೆರೆ. "ಕಾಡಲ್ಲಿ ಇದ್ದವರು ಬಯಲಿಗೆ ಯಾಕೆ ಬಂದ್ರು?" ಎಂದು ಕೇಳಿದೆ. "ರಾಜ್ಯ ದೊಡ್ಡದಾಯ್ತು ಮಿಸ್", "ಗದ್ದೆ ಜಾಸ್ತಿ ಸಿಗುತ್ತೆ", "ಸೈನ್ಯಕ್ಕೆ ಜಾಗ ಬೇಕು". ಉತ್ತರಗಳನ್ನು ತಿದ್ದದೆ ಹಲಗೆಯ ಎಡಬದಿಯಲ್ಲಿ ಬರೆದಿಟ್ಟು ಅರೇಬಿಯಾಕ್ಕೆ ಹೋದೆ.

632ರಲ್ಲಿ ಪ್ರವಾದಿ ಮುಹಮ್ಮದರು ಮದೀನಾದಲ್ಲಿ ತೀರಿಕೊಂಡರು. ಅಬೂಬಕರ್ ಖಲೀಫರಾದರು. ಅವರು ಬಟ್ಟೆ ವ್ಯಾಪಾರಿಯಾಗಿದ್ದವರು. ಆಗ ಅರಮನೆ ಇರಲಿಲ್ಲ, ಸಿಂಹಾಸನ ಇರಲಿಲ್ಲ, ಆಡಳಿತದ ಮಾತುಕತೆ ನಡೆಯುತ್ತಿದ್ದದ್ದು ಮಸೀದಿಯಲ್ಲಿ. ಮದೀನಾ ಮರುಭೂಮಿಯ ನಡುವೆ ಬಾವಿಗಳೂ ಖರ್ಜೂರದ ತೋಟಗಳೂ ಇದ್ದ ಊರು. ಅಲ್ಲಿ ಕೂತು ಅರೇಬಿಯಾವನ್ನು ನೋಡಿಕೊಳ್ಳಬಹುದಿತ್ತು. ಆದರೆ ಎರಡನೆಯ ಖಲೀಫ ಉಮರ್ ಅವರ ಹತ್ತು ವರ್ಷದಲ್ಲಿ ಸಿರಿಯಾ, ಇರಾಕ್, ಈಜಿಪ್ಟ್, ಪರ್ಷಿಯಾದ ಬಹುಭಾಗ ಎಲ್ಲ ಕೈಗೆ ಬಂದವು. ಈಗ ಲೆಕ್ಕ.

ಲೆಕ್ಕ ನನ್ನ ಕ್ಷೇತ್ರ, ಇಲ್ಲಿ ಧೈರ್ಯ ಬಂತು. 1908ರಲ್ಲಿ ಡಮಾಸ್ಕಸ್‌ನಿಂದ ಮದೀನಾಕ್ಕೆ ರೈಲು ಹಾದಿ ಮುಗಿದಾಗ ಅದರ ಉದ್ದ ಸುಮಾರು 1300 ಕಿ.ಮೀ. ಇತ್ತು, ಹಳೆಯ ಯಾತ್ರಿಕರ ದಾರಿಯನ್ನೇ ಅದು ಬಹುಮಟ್ಟಿಗೆ ಹಿಡಿದಿತ್ತು. ಒಂಟೆಸಾಲು ದಿನಕ್ಕೆ 40 ಕಿ.ಮೀ. ನಡೆಯುತ್ತದೆ ಎಂದಿಟ್ಟುಕೊಳ್ಳೋಣ. ಡಮಾಸ್ಕಸ್‌ನ ಅಧಿಕಾರಿಗೆ ಒಂದು ಸಂದೇಹ ಬಂತು, ಖಲೀಫರನ್ನು ಕೇಳಬೇಕು. ಉತ್ತರ ಬರಲು ಎಷ್ಟು ದಿನ? ಎರಡು ನಿಮಿಷದಲ್ಲಿ ಉತ್ತರ ಬಂತು: ಹೋಗಲು 33, ಬರಲು 33, ಒಟ್ಟು 66 ದಿನ. ಒಬ್ಬ ಹುಡುಗ 65 ಎಂದ, ಅರ್ಧ ದಿನವನ್ನು ಎರಡು ಸಲ ಹೆಚ್ಚಿಗೆ ಹಿಡಿಯಬಾರದು ಎಂಬುದು ಅವನ ವಾದ. ಅದೂ ಸರಿಯೇ. ವೇಗದ ಸವಾರರು ಇನ್ನೂ ಬೇಗ ಮುಟ್ಟಿಸುತ್ತಿದ್ದರು ಎಂದು ಹೇಳಿದೆ. ಆದರೂ ಮುಂದಿನ ಸಾಲಿನ ಹುಡುಗಿಯೊಬ್ಬಳ ಮಾತಿಗೆ ನಾನು ಏನನ್ನೂ ಸೇರಿಸಬೇಕಾಗಲಿಲ್ಲ: "ಅಷ್ಟೊತ್ತಿಗೆ ಜಗಳ ಮುಗ್ದೇ ಹೋಗಿರುತ್ತಲ್ಲ ಮಿಸ್."

ಹಾಗಾಗಿ ಉಮರ್ ಅವರ ಕಾಲದಲ್ಲಿ ಸೈನಿಕರಿಗಾಗಿ ಹೊಸ ಊರುಗಳನ್ನೇ ಕಟ್ಟಿದರು. ಇರಾಕಿನಲ್ಲಿ ಬಸ್ರಾ ಮತ್ತು ಕೂಫಾ, ಈಜಿಪ್ಟಿನಲ್ಲಿ ಫುಸ್ತಾತ್. ಇವು ಮೊದಲಿಗೆ ದಂಡಿನ ಪಾಳೆಯಗಳು, ಬೆಳೆಯುತ್ತ ಪಟ್ಟಣಗಳಾದವು. ತನಗೂ ತನ್ನ ಸೈನ್ಯಕ್ಕೂ ನಡುವೆ ದಾಟಬೇಕಾದ ನದಿ ಇರಬಾರದು ಎಂದು ಉಮರ್ ಹೇಳಿದರೆಂದು ಹಳೆಯ ವೃತ್ತಾಂತಗಳಲ್ಲಿದೆ. ನಕಾಶೆಯಲ್ಲಿ ನೋಡಿದರೆ ಕೂಫಾ ಯೂಫ್ರೆಟಿಸ್‌ನ ಪಶ್ಚಿಮದಲ್ಲಿ, ಮರುಭೂಮಿಯ ಅಂಚಿನಲ್ಲಿದೆ. ಹೊಳೆದಂಡೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇರಲಿಲ್ಲ. ಮಳೆಗಾಲದಲ್ಲಿ ಕಾವೇರಿ ತುಂಬಿ ಹರಿದರೆ ಆಚೆ ದಡ ಎಷ್ಟು ದೂರವಾಗುತ್ತದೆ ಎಂದು ಅವರೇ ನನಗೆ ಹೇಳಿದರು. ಸೈನಿಕರಿಗೂ ಹಕ್ಕುದಾರರಿಗೂ ವರ್ಷಾಶನ ಕೊಡಲು ಹೆಸರು ಬರೆದಿಟ್ಟ ದಫ್ತರ ಶುರುವಾದದ್ದು, 622ರ ಹಿಜರತ್‌ನಿಂದ ವರ್ಷ ಎಣಿಸುವ ಪದ್ಧತಿ ಜಾರಿಗೆ ಬಂದದ್ದೂ ಉಮರ್ ಕಾಲದಲ್ಲಿಯೇ. ಕಾಗದಪತ್ರಗಳಿಗೆ ತಾರೀಖು ಬೇಕಾಗುವಷ್ಟು ಆಡಳಿತ ದೊಡ್ಡದಾಗಿತ್ತು ಎಂಬುದಕ್ಕೆ ಇದೊಂದೇ ಸಾಕು.

ಉಸ್ಮಾನರ ಕಾಲವನ್ನು ಬೇಗ ದಾಟಿದೆ. ಕುರ್‌ಆನಿನ ಒಂದೇ ಪಾಠವನ್ನು ಸಿದ್ಧಪಡಿಸಿ ಮುಖ್ಯ ನಗರಗಳಿಗೆ ಪ್ರತಿ ಕಳಿಸಿದ್ದು ಅವರ ಕಾಲದ ದೊಡ್ಡ ಕೆಲಸ. 656ರಲ್ಲಿ ಅವರನ್ನು ಮದೀನಾದ ಅವರ ಮನೆಯಲ್ಲೇ ಕೊಂದವರು ಈಜಿಪ್ಟ್, ಕೂಫಾ, ಬಸ್ರಾ ಕಡೆಯಿಂದ ಬಂದಿದ್ದ ಬಂಡಾಯಗಾರರು. ಆ ಮೂರು ಹೆಸರು ಹೇಳಿ ನಿಲ್ಲಿಸಿ, ನಕಾಶೆ ತೋರಿಸಿ, "ಈಗ ಬಲ ಎಲ್ಲಿದೆ?" ಎಂದು ಕೇಳಿದೆ. ಮಕ್ಕಳು ಪಾಳೆಯದ ಊರುಗಳ ಚುಕ್ಕಿ ತೋರಿಸಿದರು. ನಾಲ್ಕನೆಯ ಖಲೀಫ ಅಲಿ ಮದೀನಾ ಬಿಟ್ಟು ಹೊರಟದ್ದು ಅದಕ್ಕೇ. ಅವರನ್ನು ವಿರೋಧಿಸಿದವರು ಬಸ್ರಾದಲ್ಲಿ ಸೇರಿದ್ದರು, ಬೆಂಬಲಿಸಿದವರು ಹೆಚ್ಚಾಗಿ ಕೂಫಾದಲ್ಲಿದ್ದರು. ಅಲಿ ಕೂಫಾದಲ್ಲಿ ನೆಲೆಸಿದರು, 661ರಲ್ಲಿ ಅಲ್ಲಿಯ ಮಸೀದಿಯಲ್ಲೇ ಇರಿತಕ್ಕೊಳಗಾಗಿ ತೀರಿಕೊಂಡರು. ಇಷ್ಟು ಹೇಳುವಷ್ಟರಲ್ಲಿ ನಾಲ್ಕಾರು ಕೈ ಮೇಲೆದ್ದವು. ನಿನ್ನೆಯ ಆವರಣದ ತಪ್ಪು ಸಿಕ್ಕಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಭಾಗವನ್ನು ಎಲ್ಲ ಮುಸ್ಲಿಮರೂ ಒಂದೇ ರೀತಿ ನೋಡುವುದಿಲ್ಲ. ತರಗತಿಯಲ್ಲಿ ಬಾಯಿಗೆ ಬಂದಂತೆ ಹೇಳಬಾರದು ಎಂದು ಎರಡು ವಾಕ್ಯಗಳನ್ನು ಯೋಜನೆಯಲ್ಲಿ ಮೊದಲೇ ಬರೆದುಕೊಂಡಿದ್ದೆ, ಹಾಗೆಯೇ ಓದಿದೆ. 'ಸುನ್ನಿ ಮುಸ್ಲಿಮರು ಈ ನಾಲ್ವರನ್ನೂ ಸನ್ಮಾರ್ಗದ ಖಲೀಫರೆಂದು ಗೌರವಿಸುತ್ತಾರೆ. ಪ್ರವಾದಿಯವರ ನಂತರ ಮುಂದಾಳತ್ವ ಮೊದಲಿಗೇ ಅಲಿಯವರಿಗೆ ಸಲ್ಲಬೇಕಿತ್ತು ಎಂಬುದು ಷಿಯಾ ಮುಸ್ಲಿಮರ ನಂಬಿಕೆ.' ಯಾರು ಸರಿ ಎಂದು ತೀರ್ಪು ಕೊಡುವುದು ಇತಿಹಾಸದ ಅವಧಿಯ ಕೆಲಸವಲ್ಲ. ಯಾರು ಏನು ನಂಬಿದರು, ಅದರಿಂದ ಏನಾಯಿತು ಎಂದು ತಿಳಿಸುವುದು ಅದರ ಕೆಲಸ. ಈ ಎರಡು ವಾಕ್ಯ ಬರೆಯಲು ನನಗೆ ಹಿಂದಿನ ರಾತ್ರಿ ಅರ್ಧ ಗಂಟೆ ಹಿಡಿದಿತ್ತು.

ಮುಂದೆ ಡಮಾಸ್ಕಸ್. ಮುಆವಿಯಾ ಅಲ್ಲಿ ಸುಮಾರು ಇಪ್ಪತ್ತು ವರ್ಷ ಅಧಿಕಾರಿಯಾಗಿ ಬೇರೂರಿದ್ದವರು. ಖಲೀಫರಾದ ಮೇಲೆ ಬೇರೆ ಊರಿಗೆ ಹೋಗುವ ಅಗತ್ಯವೇ ಅವರಿಗಿರಲಿಲ್ಲ. ಸೈನ್ಯ ಅಲ್ಲೇ ಇತ್ತು. ಹಳೆಯ ರೋಮನ್ ಆಡಳಿತದ ಗುಮಾಸ್ತರು, ಗ್ರೀಕ್ ಭಾಷೆಯ ಲೆಕ್ಕದ ಪುಸ್ತಕಗಳು ಎಲ್ಲ ಅಲ್ಲೇ ಇದ್ದವು. ಅವರಿಂದ ಶುರುವಾದ ಉಮಯ್ಯದ್ ವಂಶ 661ರಿಂದ 750ರವರೆಗೆ ಆಳಿತು. ಲೆಕ್ಕಪತ್ರ ಅರಬ್ಬಿ ಭಾಷೆಗೆ ಬದಲಾದದ್ದು, ಅರಬ್ಬಿ ಬರಹವಷ್ಟೇ ಇರುವ ನಾಣ್ಯ ಬಂದದ್ದು ಅಬ್ದುಲ್ ಮಲಿಕ್ ಕಾಲದಲ್ಲಿ, ಏಳನೆಯ ಶತಮಾನದ ಕೊನೆಗೆ. ಅಲ್ಲಿಯವರೆಗೆ ಹಳಬರ ದಫ್ತರದಲ್ಲೇ ಹೊಸಬರ ಸರ್ಕಾರ ನಡೆದಿತ್ತು.

ಬಾಬಯ್ಯನ ಹಬ್ಬ

ಯೋಜನೆಯಲ್ಲಿ ಇರದಿದ್ದ ಒಂದು ಸಂಗತಿ ಇಲ್ಲಿ ನಡೆಯಿತು. ಮುಆವಿಯಾರ ನಂತರ ಅವರ ಮಗ ಯಜೀದ್ 680ರಲ್ಲಿ ಡಮಾಸ್ಕಸ್‌ನಲ್ಲಿ ಖಲೀಫನಾದ ಎಂದೆ. ತಂದೆಯ ನಂತರ ಮಗ ಎಂಬುದು ಇಲ್ಲಿಂದ ಶುರು. ಅದನ್ನು ಒಪ್ಪದ ಅಲಿಯವರ ಮಗ, ಪ್ರವಾದಿಯವರ ಮೊಮ್ಮಗ ಹುಸೇನರನ್ನು ಕೂಫಾದವರು ಕರೆದರು. ಅವರು ಮೆಕ್ಕಾದಿಂದ ಕೂಫಾದ ಕಡೆ ಹೊರಟರು. ದಾರಿಯಲ್ಲಿ ಕರ್ಬಲಾದಲ್ಲಿ ಯಜೀದನ ಸೈನ್ಯ ಅಡ್ಡಗಟ್ಟಿ, ನೀರು ತಡೆದು, ಅವರನ್ನೂ ಜೊತೆಯವರನ್ನೂ ಕೊಂದಿತು. ಹಳೆಯ ರಾಜಧಾನಿ ಮತ್ತು ಹೊಸ ರಾಜಧಾನಿಯ ನಡುವಿನ ತಿಕ್ಕಾಟ ಎಂದು ಒಂದೇ ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗುವವಳಿದ್ದೆ.

ಕಿಟಕಿ ಪಕ್ಕದ ಹುಡುಗಿ ಎದ್ದಳು. "ಮಿಸ್, ಬಾಬಯ್ಯನ ಹಬ್ಬದಲ್ಲಿ ಹುಸೇನಿ ಹುಸೇನಿ ಅಂತಾರಲ್ಲ, ಅದು ಇವರಾ?" ಅವಳ ಅಜ್ಜಿಯ ಊರಿನಲ್ಲಿ ಕೊಂಡ ತೆಗೆದು ಬೆಂಕಿ ಹಾಕುತ್ತಾರೆ, ಪಂಜ ಕೂರಿಸುತ್ತಾರೆ, ಹುಲಿವೇಷ ಕಟ್ಟುತ್ತಾರೆ, ಅಜ್ಜಿ ಹರಕೆಗೆ ಸಕ್ಕರೆ ಓದಿಸುತ್ತಾರೆ. ಅವಳು ಒಕ್ಕಲಿಗರ ಮನೆಯ ಹುಡುಗಿ. ಇನ್ನೂ ಮೂವರು ತಮ್ಮ ತಮ್ಮ ಊರಿನದನ್ನು ಹೇಳಿದರು. ಹಬ್ಬದ ಹೆಸರು ಎಲ್ಲರಿಗೂ ಗೊತ್ತಿತ್ತು. ಅದು ಮೊಹರಂ, ನೆನೆಯುವುದು ಕರ್ಬಲಾವನ್ನು ಎಂಬುದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ನಕಾಶೆಯಲ್ಲಿ ಕರ್ಬಲಾಕ್ಕೆ ನಾನು ಚುಕ್ಕಿಯನ್ನೇ ಇಟ್ಟಿರಲಿಲ್ಲ. ಆ ಹುಡುಗಿಯ ಕೈಗೇ ಪೆನ್ನು ಕೊಟ್ಟು ಕೂಫಾದ ಸ್ವಲ್ಪ ಮೇಲೆ ಇಡಿಸಿದೆ.

ಈ ಹತ್ತು ನಿಮಿಷ ನನ್ನ ವೇಳಾಪಟ್ಟಿಯನ್ನು ಕೆಡಿಸಿತು. ಆದರೆ ತರಗತಿ ಈಗ ಮೂರನೆಯ ಬೆಂಚಿನ ಕಡೆ ನೋಡುತ್ತಿರಲಿಲ್ಲ, ನಕಾಶೆಯ ಕಡೆ ನೋಡುತ್ತಿತ್ತು.

ಬಾಗ್ದಾದ್

750ರಲ್ಲಿ ಉಮಯ್ಯದರು ಬಿದ್ದು ಅಬ್ಬಾಸಿದರು ಬಂದರು. ಅವರ ಬೆಂಬಲಿಗರು ಹೆಚ್ಚಾಗಿ ಪೂರ್ವದವರು, ಖುರಾಸಾನದ ಕಡೆಯವರು, ಹಾಗಾಗಿ ಡಮಾಸ್ಕಸ್ ಅವರಿಗೆ ಹೊಂದುವ ಊರಲ್ಲ. ಖಲೀಫ ಮನ್ಸೂರ್ 762ರಲ್ಲಿ ಟೈಗ್ರಿಸ್ ದಡದಲ್ಲಿ ಹೊಸ ರಾಜಧಾನಿಗೆ ಅಡಿಗಲ್ಲು ಹಾಕಿಸಿದ. ಯೂಫ್ರೆಟಿಸ್ ಅಲ್ಲಿ ಟೈಗ್ರಿಸ್‌ಗೆ ಬಹಳ ಹತ್ತಿರ ಬರುತ್ತದೆ, ನಡುವೆ ಕಾಲುವೆಗಳಿದ್ದವು, ಧಾನ್ಯ ದೋಣಿಯಲ್ಲಿ ಬರುತ್ತಿತ್ತು. ಊರು ವೃತ್ತಾಕಾರವಾಗಿತ್ತು, ಬಾಗಿಲು ನಾಲ್ಕು: ಕೂಫಾ ಬಾಗಿಲು, ಬಸ್ರಾ ಬಾಗಿಲು, ಖುರಾಸಾನ್ ಬಾಗಿಲು, ಸಿರಿಯಾ ಬಾಗಿಲು. ಶ್ರೀರಂಗಪಟ್ಟಣದ ಕೋಟೆಗೆ ಮೈಸೂರು ಬಾಗಿಲು, ಬೆಂಗಳೂರು ಬಾಗಿಲು ಇರುವ ಹಾಗೆಯೇ. ಬಾಗಿಲಿಗೆ ಹೆಸರು ಇಡುವುದು ದಾರಿ ಹೋಗುವ ಊರಿನದು. ಹೀಗಾಗಿ ಆ ನಾಲ್ಕು ಹೆಸರೇ ಅಂದಿನ ರಾಜ್ಯದ ಒಂದು ಪುಟ್ಟ ನಕಾಶೆ. ಕೈವಾರದಲ್ಲಿ ವೃತ್ತ ಎಳೆದು ನಾಲ್ಕು ಬಾಗಿಲು ಬರೆಯುವ ಕೆಲಸ ಕೊಟ್ಟೆ, ಮಕ್ಕಳು ಬಹಳ ಚೆನ್ನಾಗಿ ಮಾಡಿದರು.

ಗಣಿತದವಳಾದ ನನಗೆ ಬಾಗ್ದಾದ್ ಬಿಟ್ಟು ಬರಲು ಮನಸ್ಸಾಗಲಿಲ್ಲ. ಮನ್ಸೂರನ ಆಸ್ಥಾನಕ್ಕೇ ಭಾರತದ ಖಗೋಳ ಗಣಿತದ ಗ್ರಂಥ ತಲುಪಿ ಅರಬ್ಬಿಗೆ ಅನುವಾದವಾಯಿತು, ಬ್ರಹ್ಮಗುಪ್ತನ ಗಣಿತ ಅಲ್ಲಿಗೆ ಹೋದದ್ದು ಹೀಗೆ. ಒಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅದೇ ಊರಿನಲ್ಲಿದ್ದ ಅಲ್ ಖ್ವಾರಿಜ್ಮಿ ನಮ್ಮ ಅಂಕಿಗಳಿಂದ ಲೆಕ್ಕ ಮಾಡುವ ಬಗೆಯನ್ನು ಬರೆದ. ಅವನ ಇನ್ನೊಂದು ಪುಸ್ತಕದ ಹೆಸರಿನ 'ಅಲ್ ಜಬ್ರ್' ಎಂಬ ಮಾತಿನಿಂದ ಆಲ್ಜಿಬ್ರಾ ಬಂತು, ಅವನ ಹೆಸರಿನಿಂದ ಅಲ್ಗಾರಿದಮ್ ಬಂತು. ರಾಜಧಾನಿ ಪೂರ್ವಕ್ಕೆ ಸರಿದದ್ದರಿಂದ ನಮ್ಮ ಕಡೆಯ ದಾರಿ ಹತ್ತಿರವಾಯಿತು ಎಂದು ನಾನು ಹೇಳಿದೆ. ಅದೊಂದೇ ಕಾರಣ ಎನ್ನಲಾಗದು, ಆದರೆ ನಕಾಶೆಯ ಮುಂದೆ ನಿಂತವರಿಗೆ ಅದು ಕಾಣುತ್ತದೆ.

ಎಲ್ಲ ಖಲೀಫರೂ ಬಾಗ್ದಾದ್‌ನಲ್ಲೇ ಇದ್ದರೆಂದೂ ಅಲ್ಲ. ಹಾರೂನ್ ರಶೀದ್ ಕೊನೆಯ ವರ್ಷಗಳಲ್ಲಿ ಹೆಚ್ಚಾಗಿ ಇದ್ದದ್ದು ಸಿರಿಯಾದ ರಖ್ಖಾದಲ್ಲಿ. 836ರಿಂದ 892ರವರೆಗೆ ಖಲೀಫರ ನೆಲೆ ಸಮರ್ರಾ. ನಮ್ಮ ಹೊಯ್ಸಳ ಸೋಮೇಶ್ವರನೂ ರಾಜಧಾನಿ ದೋರಸಮುದ್ರವಾದರೂ ಶ್ರೀರಂಗದ ಹತ್ತಿರದ ಕಣ್ಣನೂರಿನಲ್ಲಿ ಇರುತ್ತಿದ್ದ. 'ರಾಜಧಾನಿ' ಎಂದು ಪುಸ್ತಕ ಒಂದು ಊರಿನ ಹೆಸರು ಬರೆದರೆ, ದೊರೆ ವರ್ಷವೆಲ್ಲ ಅಲ್ಲೇ ಕೂತಿದ್ದ ಎಂದುಕೊಳ್ಳುವಂತಿಲ್ಲ.

1258ರಲ್ಲಿ ಮಂಗೋಲರ ಹುಲಗು ಬಾಗ್ದಾದನ್ನು ನಾಶ ಮಾಡಿ ಖಲೀಫನನ್ನು ಕೊಲ್ಲಿಸಿದ. ಅದೇ 1258ರಲ್ಲಿ ನಮ್ಮ ಹೊಳೆಯ ಕೆಳಹರಿವಿನಲ್ಲಿ, ಸೋಮನಾಥಪುರದಲ್ಲಿ, ಮೂರನೆಯ ನರಸಿಂಹನ ದಂಡನಾಯಕ ಕೇಶವ ದೇವಾಲಯವನ್ನು ಪ್ರತಿಷ್ಠೆ ಮಾಡಿಸಿದ. ಈ ಎರಡು ಇಸವಿಗಳನ್ನು ಅಕ್ಕಪಕ್ಕ ಬರೆದಾಗ ತರಗತಿಯಲ್ಲಿ ಒಂದು ಕ್ಷಣ ಸದ್ದಿರಲಿಲ್ಲ. ಬೇರೆ ಬೇರೆ ಪಾಠದಲ್ಲಿ ಬಂದದ್ದು ಒಂದೇ ವರ್ಷದಲ್ಲಿ ನಡೆದಿರಬಹುದು ಎಂಬುದು ನನಗೂ ಆ ವಾರವೇ ಹೊಳೆದದ್ದು.

"ಈಗ ಖಲೀಫರು ಎಲ್ಲಿದ್ದಾರೆ ಮಿಸ್?" ಎಂದು ಒಬ್ಬ ಕೇಳಿದ. ಬೇಗ ಬೇಗ ಹೇಳಿದೆ: ಬಾಗ್ದಾದ್ ಬಿದ್ದ ಮೇಲೆ ಹೆಸರಿಗೆ ಕೈರೋದಲ್ಲಿ, ಆಮೇಲೆ ಇಸ್ತಾಂಬುಲ್‌ನ ತುರ್ಕಿ ಸುಲ್ತಾನರು. 1786ರಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ನಮ್ಮ ಉತ್ತರ ಕನ್ನಡದ ತದಡಿ ಬಂದರಿನಿಂದ ಹಡಗು ಹತ್ತಿ ಮಸ್ಕತ್, ಬಸ್ರಾ, ಬಾಗ್ದಾದ್ ಮಾರ್ಗವಾಗಿ ಇಸ್ತಾಂಬುಲ್‌ಗೆ ಹೋದದ್ದು ಆ ಸುಲ್ತಾನನನ್ನು ಕಾಣಲು. ಹೋಗಿ ಮುಟ್ಟಿದ್ದು ಮರುವರ್ಷ. ಬೇಡಿದ ಸೈನ್ಯದ ನೆರವು ಸಿಗಲಿಲ್ಲ, ಹೊರಟ ನೂರಾರು ಜನರಲ್ಲಿ ಬಹುಪಾಲು ಮಂದಿ ಕಾಯಿಲೆಗೂ ಹಡಗಿನ ಅನಾಹುತಕ್ಕೂ ಸಿಕ್ಕಿ ಹಿಂದಿರುಗಲೇ ಇಲ್ಲ. 1924ರ ಮಾರ್ಚ್‌ನಲ್ಲಿ ತುರ್ಕಿಯೇ ಖಲೀಫ ಪದವಿಯನ್ನು ರದ್ದು ಮಾಡಿತು. ಹತ್ತನೇ ತರಗತಿಯಲ್ಲಿ ಖಿಲಾಫತ್ ಚಳವಳಿ ಬರುತ್ತದೆ, ಅದು ಈ ಪದವಿಯ ಹೆಸರೇ ಎಂದು ಹೇಳುವಷ್ಟರಲ್ಲಿ ಸಮಯ ಮೀರಿತ್ತು.

ಉತ್ತರ ಪತ್ರಿಕೆಗಳಲ್ಲಿ ಕಂಡದ್ದು

ವಾರದ ಕೊನೆಗೆ ಕಿರು ಪರೀಕ್ಷೆ ಕೊಟ್ಟೆ. 'ಖಲೀಫರ ರಾಜಧಾನಿ ಮದೀನಾದಿಂದ ಬೇರೆಡೆಗೆ ಹೋಗಲು ಕಾರಣಗಳೇನು?' ಹೆಚ್ಚಿನವರು ದೂರ ಮತ್ತು ಸೈನ್ಯದ ನೆಲೆ ಎಂಬ ಎರಡನ್ನೂ ಬರೆದಿದ್ದರು. ಆದರೆ ಎಂಟು ಹತ್ತು ಮಕ್ಕಳು 'ಮದೀನಾದಲ್ಲಿ ನೀರು ಇರಲಿಲ್ಲ' ಎಂದು ಬರೆದಿದ್ದರು. ಇದು ನನ್ನ ತಪ್ಪು. ನದಿ ನದಿ ಎಂದು ನಾನು ಅಷ್ಟು ಸಲ ಹೇಳಿದ್ದೆ, ಬಾವಿ ಮತ್ತು ಖರ್ಜೂರದ ತೋಟಗಳ ಮಾತು ಒಂದೇ ಸಲ ಬಂದಿತ್ತು. ಮುಂದಿನ ಸಲ ಮದೀನಾದ ಚುಕ್ಕಿಯ ಪಕ್ಕ ಒಂದು ಖರ್ಜೂರದ ಮರ ಬರೆಯಬೇಕು.

ಇನ್ನೊಬ್ಬನ ಉತ್ತರಕ್ಕೆ ನಕ್ಕೆ, ಆಮೇಲೆ ಯೋಚನೆಗೆ ಬಿದ್ದೆ. 'ಖಲೀಫರು ಎಂದರೆ ಅರಬ್ಬರ ಹೊಯ್ಸಳರು' ಎಂದು ಬರೆದಿದ್ದ. ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಎಂಬ ಸೂತ್ರವನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಬರೆದಿದ್ದೇವೆ. ಗೊತ್ತಿರುವುದು ಗೊತ್ತಿಲ್ಲದ್ದನ್ನು ನುಂಗಿಬಿಡಬಹುದು ಎಂಬುದನ್ನು ಬರೆದಿಲ್ಲ. ಹೊಯ್ಸಳರಲ್ಲಿ ಪಟ್ಟ ಒಂದೇ ಮನೆತನದಲ್ಲಿ ಇಳಿದು ಬಂತು. ಮೊದಲ ನಾಲ್ವರು ಖಲೀಫರಲ್ಲಿ ಯಾರೂ ಹಿಂದಿನ ಖಲೀಫನ ಮಗನಲ್ಲ. ಅಬೂಬಕರ್‌ರನ್ನು ಮದೀನಾದಲ್ಲಿ ಸೇರಿದವರು ಒಪ್ಪಿಕೊಂಡರು, ಉಮರ್‌ರನ್ನು ಅಬೂಬಕರ್ ಸೂಚಿಸಿದರು, ಉಸ್ಮಾನ್‌ರನ್ನು ಆರು ಜನರ ಸಮಿತಿಯೊಂದು ಆರಿಸಿತು, ಅಲಿಯವರನ್ನು ಆ ಗೊಂದಲದ ದಿನಗಳಲ್ಲಿ ಮದೀನಾದವರು ಒತ್ತಾಯಿಸಿ ನಿಲ್ಲಿಸಿದರು. ರಾಜಧಾನಿಯ ಹೋಲಿಕೆ ಊರಿಗೆ ಸರಿ, ಪದವಿಗೆ ಸರಿಯಲ್ಲ. ಈ ಮಾತಿಗೆಂದೇ ಮುಖ್ಯೋಪಾಧ್ಯಾಯರ ಹತ್ತಿರ ಇನ್ನೊಂದು ಅವಧಿ ಕೇಳಿ ಪಡೆದೆ. ಅರ್ಧ ಅವಧಿ ಸಿಕ್ಕಿತು, ಉಳಿದರ್ಧ ಕ್ರೀಡಾಕೂಟದ ಅಭ್ಯಾಸಕ್ಕೆ ಹೋಯಿತು.

ಆ ಅರ್ಧ ಅವಧಿಯ ಕೊನೆಗೆ ಮೂರನೆಯ ಬೆಂಚಿನ ಹುಡುಗ ಕೈ ಎತ್ತಿದ. ನಾನು ಕೇಳಿರಲಿಲ್ಲ, ಅವನೇ ಎತ್ತಿದ್ದು.

"ಮಿಸ್, ದಿನಕ್ಕೆ ನಲವತ್ತು ಕಿಲೋಮೀಟರ್ ಅಂದ್ರೆ ಬಾಗ್ದಾದ್‌ನಿಂದ ರಾಮನಾಥಪುರಕ್ಕೆ ಎಷ್ಟು ದಿನ?"

"ಮಧ್ಯದಲ್ಲಿ ಸಮುದ್ರ ಇದೆ ಕಣೋ, ಒಂಟೆ ಈಜುತ್ತಾ?" ಎಂದು ಹಿಂದಿನ ಬೆಂಚಿನವರು ಕೂಗಿದರು. ಅವನು ಎದ್ದು ನಕಾಶೆಯ ಹತ್ತಿರ ಬಂದು ಬಸ್ರಾದ ಚುಕ್ಕಿಯ ಮೇಲೆ ಬೆರಳಿಟ್ಟ. "ಇಲ್ಲೀಗಂಟ ಒಂಟೆ, ಇಲ್ಲಿಂದ ಹಡಗು, ತದಡಿಯಿಂದ ಎತ್ತಿನ ಗಾಡಿ. ಮಿಸ್, ಹಡಗು ದಿನಕ್ಕೆ ಎಷ್ಟು ಹೋಗುತ್ತೆ ಹೇಳಿ, ನಾನು ಕೂಡ್ತೀನಿ" ಎಂದ. ಹಡಗಿನ ವೇಗ ನನಗೆ ಗೊತ್ತಿರಲಿಲ್ಲ. ಗಾಳಿಯ ಮೇಲೆ ಹೋಗುತ್ತೆ, ನಾಳೆ ಹುಡುಕಿಕೊಂಡು ಬರ್ತೀನಿ ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.